ಚೂಟಿ ಮಕ್ಳಿಗೆ ಮಲ್ನಾಡಲ್ಲಿ ಏನೇನಿದೆ, ಯಾವ ಕ್ಲಾಸಲ್ಲಿ ಏನ್ ಮಾಡ್ಬೇಕು

ಜೂನ್ ತಿಂಗ್ಳು ಬಂತು ಅಂದ್ರೆ ನಂಗೆ ಒಂದು ಫೋನು ಗ್ಯಾರಂಟಿ. "ಸಾರ್, ನಮ್ ಹುಡ್ಗ ಓದೋದ್ರಲ್ಲಿ ಭಾರಿ ಚುರುಕು, ನವೋದಯಕ್ಕೆ ಹಾಕಣ ಅಂತ." ಯಾವ ಕ್ಲಾಸು ಅಂತ ಕೇಳಿದ್ರೆ "ಈಗಷ್ಟೇ ಆರನೇ ಕ್ಲಾಸಿಗೆ ಸೇರಿಸಿದ್ವಿ ಸಾರ್". ಏನ್ ಹೇಳ್ಬೇಕು ಹೇಳಿ, ನವೋದಯ ಅಂದ್ರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಅಲ್ಲಿ ಆರನೇ ಕ್ಲಾಸಿಗೆ ಸೇರೋ ಪರೀಕ್ಷೆ ಐದನೇ ಕ್ಲಾಸಲ್ಲಿ ಇರುವಾಗ್ಲೇ ಬರೀಬೇಕು, ಅದೂ ಒಂದೇ ಸಲ. ನಮ್ ಶಿವಮೊಗ್ಗ ಜಿಲ್ಲೆ ಮಕ್ಳಿಗೆ ಅವಕಾಶ ಇಲ್ಲ ಅಂತ ಅಲ್ಲ ಮಾರಾಯ್ರೆ, ಬೇಕಾದಷ್ಟಿದೆ, ಆದ್ರೆ ಒಂದೊಂದೂ ಒಂದೊಂದು ಕ್ಲಾಸಿಗೆ ಕಟ್ ಹಾಕಿದಾರೆ, ಆ ವರ್ಷ ದಾಟಿದ್ರೆ ಮತ್ತೆ ಸಿಗಲ್ಲ. ಇನ್ನೊಂದು ವಿಷ್ಯ ಏನಂದ್ರೆ ಇದ್ರಲ್ಲಿ ಅರ್ಧಕ್ಕರ್ಧ ಅರ್ಜಿ ಹೋಗೋದು ಹೆಡ್‌ಮಾಸ್ಟರ್ ಲಾಗಿನ್ನಿಂದ, ಅಂದ್ರೆ ನೀವು ಮನೇಲಿ ಕೂತು ಎಷ್ಟೇ ಗೂಗಲ್ ಮಾಡಿದ್ರೂ ಶಾಲೆಗೆ ಹೋಗಿ ಮಾತಾಡದೇ ಇದ್ರೆ ಕೆಲ್ಸ ಆಗಲ್ಲ. ಇವೆರಡು ತಲೇಲಿಟ್ಕೊಂಡು ಮುಂದೆ ಓದಿ.

ಮೊದ್ಲು ನಿಮ್ ಮಗು ನಿಜಕ್ಕೂ ಬೇರೆ ಥರ ಇದ್ಯಾ ಅಂತ ನೋಡೋದು. ಮಾರ್ಕ್ಸ್ ಕಾರ್ಡ್ ನೋಡಿ ಹೇಳಕ್ಕಾಗಲ್ಲ. 98 ತಗೊಳ್ಳೋ ಮಕ್ಳಲ್ಲಿ ಎಷ್ಟೋ ಜನ ಚೆನ್ನಾಗಿ ಬಾಯಿಪಾಠ ಮಾಡೋರು, ಅದು ತಪ್ಪಲ್ಲ, ಆದ್ರೆ ಬೇರೆ ವಿಷ್ಯ. ಅದೇ ಕ್ಲಾಸಲ್ಲಿ 60 ತಗೊಂಡು, ಅಕ್ಷರ ಕಾಗೆ ಕಾಲು ಥರ ಬರ್ದು, ಮೇಷ್ಟ್ರ ಹತ್ರ "ತಲೆಹರಟೆ" ಅನ್ನಿಸ್ಕೊಂಡಿರೋನು ಅಸಲಿ ಇರ್ಬೋದು. ನಾನು ಒಂದು ಲೆಕ್ಕ ಕೊಟ್ಟು ನೋಡ್ತೀನಿ. ಅಡಿಕೆ ಒಣಗಿಸೋ ಅಂಗಳಕ್ಕೆ ದನ ಬರದ ಹಾಗೆ ಸುತ್ತ ನೆಟ್ ಕಟ್ಬೇಕು, ನಮ್ ಹತ್ರ 60 ಅಡಿ ನೆಟ್ ಇದೆ, ಆಯತಾಕಾರದಲ್ಲಿ ಕಟ್ಟಿದ್ರೆ ಅತಿ ಹೆಚ್ಚು ಜಾಗ ಹೇಗೆ ಸಿಗುತ್ತೆ? ಹೆಚ್ಚಿನ ಮಕ್ಳು ಸೂತ್ರ ಯಾವ್ದು ಅಂತ ಕೇಳ್ತಾರೆ. ಕೆಲವ್ರು 20 ಮತ್ತು 10 ಹಾಕಿ 200 ಚದರಡಿ ಅಂತಾರೆ. ಚುರುಕಿರೋರು ಒಂದೊಂದೇ ಹಾಕಿ ನೋಡಿ 29 ಮತ್ತು 1 ಹಾಕಿದ್ರೆ ಬರೀ 29 ಆಯ್ತು, 15 ಮತ್ತು 15 ಹಾಕಿದ್ರೆ 225 ಆಯ್ತು, ಚೌಕಾನೇ ಜಾಸ್ತಿ ಅಂತ ತಾವೇ ಕಂಡ್ಕೊಳ್ತಾರೆ. ಒಬ್ಳು ನಾಲ್ಕನೇ ಕ್ಲಾಸ್ ಹುಡುಗಿ, ಹೊಸನಗರ ಕಡೆಯವ್ಳು, ಇಷ್ಟೂ ಮಾಡಿ ಸುಮ್ನೆ ಕೂತು ಆಮೇಲೆ ಕೇಳಿದ್ಲು, "ಒಂದ್ ಪಕ್ಕ ಕೊಟ್ಟಿಗೆ ಗೋಡೆ ಇದ್ಯಲ್ಲ ಸಾರ್, ಅಲ್ಲಿಗ್ಯಾಕೆ ನೆಟ್ಟು?" ಸರಿ ಗೋಡೆ ಇದೆ ಅನ್ಕೋ ಅಂದೆ. ಬೆರಳಲ್ಲಿ ಮಣ್ಣಿನ ಮೇಲೆ ಗೀಚಿ ಗೀಚಿ 30 ಮತ್ತು 15 ಅಂದ್ಲು, 450, "ಡಬಲ್ ಆಯ್ತು!" ಅಂತ ನಕ್ಲು. ನಾನು ಕೇಳಿದ ಪ್ರಶ್ನೆಗೆ ಉತ್ರ ಕೊಟ್ಟಿದ್ದಕ್ಕಿಂತ ನಾನು ಕೇಳದೇ ಇರೋ ಪ್ರಶ್ನೆ ಅವ್ಳೇ ಹುಟ್ಟಿಸ್ಕೊಂಡ್ಲಲ್ಲ, ಅದನ್ನ ನೋಡ್ಬೇಕು. ಅವ್ಳ ಗಣಿತದ ಮಾರ್ಕ್ಸು ಕ್ಲಾಸಲ್ಲಿ ನಾಲ್ಕನೇದೋ ಐದನೇದೋ ಇತ್ತು.

ಗಣಿತ ಒಂದೇ ಅಲ್ಲ. ರಾತ್ರಿ ಗದ್ದೇಲಿ ಕೂಗೋ ಕಪ್ಪೆ ಯಾವ್ದು ಅಂತ ಸದ್ದಲ್ಲೇ ಹೇಳೋ ಮಗು, ಒಂದ್ಸಲ ಕೇಳಿದ ಯಕ್ಷಗಾನದ ಪದ ಅದೇ ತಾಳದಲ್ಲಿ ಹೇಳೋ ಮಗು, ಮಿಕ್ಸಿ ಕೆಟ್ರೆ ಬಿಚ್ಚಿ ನೋಡದೇ ನಿದ್ದೆ ಮಾಡದೇ ಇರೋದು, ಇವೆಲ್ಲ ಒಂದೇ ಜಾತಿ. ತುಂಬಾ ಹೊತ್ತು ಒಂದೇ ವಿಷ್ಯಕ್ಕೆ ಅಂಟ್ಕೊಳ್ಳೋದು, ತನಗಿಂತ ದೊಡ್ಡೋರ ಜೊತೆ ಮಾತಾಡೋಕೆ ಇಷ್ಟ ಪಡೋದು, "ಯಾಕೆ" ಅಂತ ಕೇಳಿ ಕೇಳಿ ಅಜ್ಜಿ ಹತ್ರ ಬೈಸ್ಕೊಳ್ಳೋದು.

ಐಕ್ಯೂ ಟೆಸ್ಟ್ ಮಾಡಿಸ್ಬೇಕಾ ಅಂತ ಕೇಳ್ತಾರೆ. ನನ್ ಪ್ರಕಾರ ಹೆಚ್ಚಿನವ್ರಿಗೆ ಬೇಡ, ಆ ನಂಬರ್ ತಗೊಂಡು ಇಲ್ಲಿ ಯಾವ ಶಾಲೆಯೂ ಏನೂ ಮಾಡಲ್ಲ. ನಮ್ಮಲ್ಲಿ ಡಾಕ್ಟ್ರುಗಳು ಈಗ್ಲೂ ಬಳಸೋ ಬಿನೆ-ಕಾಮತ್ ಟೆಸ್ಟ್ ಅಂತ ಒಂದಿದೆ, 1930ರ ದಶಕದಲ್ಲೇ ಮರಾಠಿ ಮತ್ತೆ ಕನ್ನಡ ಮಕ್ಳಿಗೆ ಅಂತ್ಲೇ ಹೊಂದಿಸಿ ಮಾಡಿದ್ದು ಅದು. ಅದ್ರ ಅಗತ್ಯ ಬರೋದು ಒಂದು ಸಂದರ್ಭದಲ್ಲಿ: ಮಗು ಬಾಯಲ್ಲಿ ಎಲ್ಲಾ ಹೇಳುತ್ತೆ, ಲೆಕ್ಕ ಮನಸಲ್ಲೇ ಮಾಡುತ್ತೆ, ಆದ್ರೆ ಓದಕ್ಕೆ ಬರಿಯಕ್ಕೆ ಕೊಟ್ರೆ ಒದ್ದಾಡುತ್ತೆ. ಡಿಸ್ಲೆಕ್ಸಿಯಾ, ಅಂದ್ರೆ ಓದೋ ಬರಿಯೋ ತೊಂದ್ರೆ, ಇರೋ ಬುದ್ಧಿವಂತ ಮಕ್ಳು ಹೀಗೇ ಇರ್ತಾರೆ, ಆದ್ರೆ ಮನೇವ್ರು ಸೋಮಾರಿ ಅನ್ಕೊಂಡು ಹೊಡೀತಾರೆ. ಅಂಥ ಅನುಮಾನ ಇದ್ರೆ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ, ಬೆಂಗ್ಳೂರಿಗೆ ಹೋಗೋ ಹಾಗಿದ್ರೆ ನಿಮ್ಹಾನ್ಸಲ್ಲಿ ಮಕ್ಕಳ ವಿಭಾಗ ಇದೆ. ಸರ್ಟಿಫಿಕೇಟ್ ಇದ್ರೆ ಎಸ್ಸೆಸ್ಸೆಲ್ಸಿಲಿ ಹೆಚ್ಚು ಟೈಮು, ಬರ್ದು ಕೊಡೋರು, ಇಂಥ ಸವಲತ್ತೂ ಸಿಗುತ್ತೆ.

ಹಾಗೇ ದುಡ್ಡು ಕಳೀಬೇಡಿ ಅನ್ನೋ ಮಾತು ಇಲ್ಲೇ ಹೇಳ್ಬಿಡ್ತೀನಿ. ಕಣ್ಣಿಗೆ ಬಟ್ಟೆ ಕಟ್ಕೊಂಡು ಪುಸ್ತಕ ಓದಿಸ್ತೀವಿ, ಮಿಡ್‌ಬ್ರೈನ್ ಆಕ್ಟಿವೇಟ್ ಮಾಡ್ತೀವಿ ಅಂತ ಕಲ್ಯಾಣಮಂಟಪದಲ್ಲಿ ಡೆಮೋ ಮಾಡ್ತಾರಲ್ಲ, ಅದು ಶುದ್ಧ ಮೋಸ, ಮೂಗಿನ ಪಕ್ಕದ ಸಂದೀಲಿ ನೋಡ್ತಿರ್ತಾರೆ ಅಷ್ಟೇ. ಒಲಿಂಪಿಯಾಡ್ ಅಂತ ಹೆಸ್ರಿಟ್ಕೊಂಡು ಶಾಲೆಗೆ ಬರೋ ಖಾಸಗಿ ಪರೀಕ್ಷೆಗಳು ಮೋಸ ಅಲ್ಲ, ಮಕ್ಳಿಗೆ ಪ್ರಾಕ್ಟೀಸ್ ಆಗುತ್ತೆ, ಒಂದು ಮೆಡಲ್ ಸಿಗುತ್ತೆ, ಅಪ್ಪ ಸ್ಟೇಟಸ್ ಹಾಕ್ಕೋತಾರೆ, ಆದ್ರೆ ದೇಶದ ಟೀಮಿಗೆ ಆರಿಸೋ ಒಲಿಂಪಿಯಾಡೇ ಬೇರೆ, ಅದನ್ನ ಆಮೇಲೆ ಹೇಳ್ತೀನಿ.

ಇನ್ನು ಶಾಲೆ. ಸರ್ಕಾರಿ ಶಾಲೆ ಅಂದ ತಕ್ಷಣ ಮೂಗು ಮುರೀಬೇಡಿ, 1ರಿಂದ 3ನೇ ಕ್ಲಾಸಿನ ನಲಿ-ಕಲಿ ಇದ್ಯಲ್ಲ, ಅದು ಚುರುಕು ಮಕ್ಳಿಗೆ ಹೇಳಿ ಮಾಡಿಸಿದ್ದು. ಮೂರೂ ಕ್ಲಾಸಿನ ಮಕ್ಳು ಒಟ್ಗೆ ಕೂರ್ತಾರೆ, ಕಾರ್ಡು ಹಿಡ್ಕೊಂಡು ಒಂದೊಂದೇ ಮೆಟ್ಲು ಅವರವರ ಸ್ಪೀಡಲ್ಲಿ ಹತ್ತೋದು, ಬೇಗ ಮುಗಿಸಿದೋನು ಮುಂದಕ್ಕೆ ಹೋಗ್ಬೋದು. ಕಷ್ಟ ಶುರುವಾಗೋದು ನಾಲ್ಕನೇ ಕ್ಲಾಸಿಂದ, ಅಲ್ಲಿ ಎಲ್ರಿಗೂ ಒಂದೇ ಪಾಠ ಒಂದೇ ದಿನ. ಆಗ ಮಗು ಹತ್ತು ನಿಮಿಷಕ್ಕೆ ಮುಗಿಸಿ ಪಕ್ಕದೋನಿಗೆ ಚಿವುಟ್ತಾ ಕೂರುತ್ತೆ.

ಮೇಷ್ಟ್ರ ಹತ್ರ ಹೋಗಿ "ನನ್ ಮಗ ಜೀನಿಯಸ್ಸು, ನೀವು ಸರಿಯಾಗಿ ನೋಡ್ಕೊಳ್ತಿಲ್ಲ" ಅಂದ್ರೆ ಅಲ್ಲಿಗೆ ಬಾಗ್ಲು ಮುಚ್ತು. ಒಬ್ರೇ ಟೀಚರು ಎರಡ್ಮೂರು ಕ್ಲಾಸ್ ನೋಡ್ತಾ, ಬಿಸಿಯೂಟದ ಲೆಕ್ಕ ಬರೀತಾ, ಮಧ್ಯ ಯಾವ್ದೋ ಆ್ಯಪಿಗೆ ಫೋಟೋ ಹಾಕ್ತಾ ಇರ್ತಾರೆ, ಅವ್ರಿಗೆ ಹೊಸ ಕೆಲ್ಸ ಕೊಡೋ ಥರ ಕೇಳ್ಬೇಡಿ, ಕೆಲ್ಸ ಕಮ್ಮಿ ಆಗೋ ಥರ ಕೇಳಿ. "ಮೇಡಂ, ಇವ್ನು ಬೇಗ ಮುಗಿಸ್ಬಿಟ್ಟು ಗಲಾಟೆ ಮಾಡ್ತಾನೆ ಅಂತ ನೀವೇ ಹೇಳಿದ್ರಲ್ಲ, ಮುಗಿಸಿದ್ಮೇಲೆ ಓದೋಕೆ ಒಂದು ಪುಸ್ತಕ ಬ್ಯಾಗಲ್ಲಿ ಇಟ್ಟು ಕಳಿಸ್ಲಾ? ಇಲ್ಲಾಂದ್ರೆ ಮುಂದಿನ ಕ್ಲಾಸಿನ ಗಣಿತದ ಪುಸ್ತಕ ಹಿಂದೆ ಕೂತು ಮಾಡ್ಲಾ?" ಹೀಗೆ ಕೇಳಿದ್ರೆ ಬೇಡ ಅನ್ನೋ ಟೀಚರು ಕಮ್ಮಿ. ಬೇರೆ ಮಕ್ಳಿಗೆ ಪಾಠ ಹೇಳ್ಕೊಡೋ ಕೆಲ್ಸ ಕೊಡ್ತಾರೆ ಕೆಲವ್ರು, ವಾರಕ್ಕೊಂದೆರಡ್ಸಲ ಆದ್ರೆ ಒಳ್ಳೇದು, ದಿನಾ ಅದೇ ಆದ್ರೆ ಮಗು ಬಿಟ್ಟಿ ಅಸಿಸ್ಟೆಂಟ್ ಆಗ್ಬಿಡುತ್ತೆ, ಅದು ಕಲಿಯೋದು ನಿಲ್ಲುತ್ತೆ. ಒಂದು ಕ್ಲಾಸ್ ಹಾರಿಸೋದು ಈಗ ನಮ್ಮಲ್ಲಿ ಹೆಚ್ಚು ಕಮ್ಮಿ ಆಗಲ್ಲ, ವಯಸ್ಸಿಗೆ ತಕ್ಕ ಕ್ಲಾಸು ಅಂತ ನಿಯಮ ಇದೆ, ಅದ್ರ ಹಿಂದೆ ಬಿದ್ದು ಟೈಮ್ ಹಾಳು ಮಾಡ್ಬೇಡಿ. ಶಾಲೇಲಿ ಉತ್ರ ಸಿಗದೇ ಇದ್ರೆ ನಿಮ್ ಕ್ಲಸ್ಟರಿನ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಹತ್ರ ಕೇಳಿ, ಅವ್ರು ಹತ್ತು ಶಾಲೆ ಓಡಾಡೋರು, ಯಾವ ಶಾಲೇಲಿ ಒಳ್ಳೆ ವಿಜ್ಞಾನ ಮೇಷ್ಟ್ರಿದಾರೆ, ಎಲ್ಲಿ ಮಕ್ಳು ಕೈಯಾರೆ ಮಾಡಿ ಕಲಿಯೋ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ ಅಂತ ಅವ್ರಿಗೆ ಬಾಯಲ್ಲೇ ಇರುತ್ತೆ.

ಈಗ ಐದನೇ ಕ್ಲಾಸು, ಇದೇ ದೊಡ್ಡ ವರ್ಷ. ನಮ್ ಜಿಲ್ಲೆ ನವೋದಯ ಗಾಜನೂರಲ್ಲಿದೆ, ತುಂಗಾ ಡ್ಯಾಮ್ ಹತ್ರ. ಕೊಪ್ಪ, ಶೃಂಗೇರಿ, ಎನ್ ಆರ್ ಪುರದವ್ರಿಗೆ ಚಿಕ್ಕಮಗಳೂರು ಜಿಲ್ಲೆದು, ಬಾಳೆಹೊನ್ನೂರಲ್ಲಿ. ಮಗು ಓದ್ತಿರೋ ಜಿಲ್ಲೆ, ಮನೆ ಇರೋ ಜಿಲ್ಲೆ ಎರಡೂ ಒಂದೇ ಇರ್ಬೇಕು ಅಂತ ಕೇಳ್ತಾರೆ, ತೀರ್ಥಹಳ್ಳಿ-ಕೊಪ್ಪ ಗಡೀಲಿ ಮನೆ ಒಂದ್ಕಡೆ ಶಾಲೆ ಒಂದ್ಕಡೆ ಇರೋರು ಅರ್ಜಿ ಹಾಕೋಕೆ ಮುಂಚೇನೇ ಹೆಡ್‌ಮಾಸ್ಟರ್ ಹತ್ರ ಇದನ್ನ ಸ್ಪಷ್ಟ ಮಾಡ್ಕೊಳ್ಳಿ. ಅರ್ಜಿ ಆನ್‌ಲೈನು, ಫೀಸಿಲ್ಲ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಮಾರ್ಕ್ಸು, ಕನ್ನಡದಲ್ಲೇ ಬರೀಬೋದು. ಅದ್ರಲ್ಲಿ 40 ಪ್ರಶ್ನೆ, ಅಂದ್ರೆ 50 ಮಾರ್ಕ್ಸು, ಬರೀ ಚಿತ್ರದ್ದು, ಗುಂಪಿಗೆ ಸೇರದ್ದು ಯಾವ್ದು, ಕನ್ನಡೀಲಿ ಹೇಗೆ ಕಾಣುತ್ತೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದ್ರೆ ಹೇಗಿರುತ್ತೆ, ಇಂಥವು. ಉಳಿದಿದ್ದು ಲೆಕ್ಕ 20 ಪ್ರಶ್ನೆ, ಭಾಷೆ 20 ಪ್ರಶ್ನೆ, ತಲಾ 25 ಮಾರ್ಕ್ಸು. ಅರ್ಧ ಪೇಪರಿಗೆ ಭಾಷೇನೇ ಬೇಡ, ಹಾಗಾಗಿ ಹಳ್ಳಿ ಶಾಲೆ ಮಗು ಅಂತ ಹಿಂಜರಿಯೋ ಮಾತೇ ಇಲ್ಲ. ನಮ್ ಮಕ್ಳು ಸೋಲೋದು ಬೇರೆ ಕಡೆ: ಓಎಂಆರ್ ಶೀಟಲ್ಲಿ ಗುಂಡು ತುಂಬೋ ಅಭ್ಯಾಸ ಇರಲ್ಲ, ಒಂದು ಸಾಲು ತಪ್ಪಿದ್ರೆ ಮುಂದಿನದೆಲ್ಲ ತಪ್ಪು. ನೆಗೆಟಿವ್ ಮಾರ್ಕಿಂಗ್ ಇಲ್ಲ ಅಂತ್ಲೂ ಹೇಳಿರಲ್ಲ, ಖಾಲಿ ಬಿಟ್ಟು ಬರ್ತಾರೆ. ಓಎಂಆರ್ ಶೀಟು ಜೆರಾಕ್ಸ್ ಮಾಡಿಸಿ ಮನೇಲಿ ಗಡಿಯಾರ ಇಟ್ಟು ತುಂಬಿಸಿ, ಅದೇ ಅರ್ಧ ಕೋಚಿಂಗು.

ಈ ನವೋದಯದಲ್ಲಿ ಮುಖ್ಯವಾದ ಒಂದು ನಿಯಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕನಿಷ್ಠ 75 ಪರ್ಸೆಂಟ್ ಸೀಟು ಗ್ರಾಮೀಣ ಮಕ್ಳಿಗೆ, ಆದ್ರೆ ಗ್ರಾಮೀಣ ಅಂತ ಆಗ್ಬೇಕಾದ್ರೆ 3, 4, 5 ಮೂರೂ ಕ್ಲಾಸು ಹಳ್ಳಿ ಶಾಲೇಲೇ ಓದಿರ್ಬೇಕು, ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೇಲಿ ಇದ್ರೂ ಅರ್ಬನ್ ಲೆಕ್ಕ. ನಮ್ಮೋರು ಏನ್ ಮಾಡ್ತಾರೆ, ಮಗು ಚುರುಕಿದೆ ಅಂತ ಗೊತ್ತಾದ ತಕ್ಷಣ ನಾಲ್ಕನೇ ಕ್ಲಾಸಿಗೆ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿ ಕಾನ್ವೆಂಟಿಗೆ ಹಾಕ್ತಾರೆ, ನವೋದಯಕ್ಕೆ ಕೋಚಿಂಗ್ ಕೊಡ್ಸೋಕೆ ಅಂತ್ಲೇ! ಕೋಚಿಂಗ್ ಸಿಕ್ತು, ಕೋಟಾ ಹೋಯ್ತು. ಹೆಣ್ಮಕ್ಳಿಗೆ ಕನಿಷ್ಠ ಮೂರನೇ ಒಂದು ಭಾಗ ಸೀಟಿದೆ, ಅದೂ ನೆನಪಿರ್ಲಿ, "ಹೆಣ್ಮಗು ಹಾಸ್ಟೆಲಿಗೆ ಬೇಡ" ಅಂತ ಅರ್ಜೀನೇ ಹಾಕದೇ ಇರೋ ಮನೆಗಳು ಇನ್ನೂ ಇವೆ.

ಸೀಟ್ ಸಿಕ್ಕಿದ್ರೆ ಕಳಿಸ್ಬೇಕಾ ಅನ್ನೋದು ಬೇರೆ ಪ್ರಶ್ನೆ. ಊಟ, ಹಾಸ್ಟೆಲು, ಪುಸ್ತಕ ಎಲ್ಲಾ ಸರ್ಕಾರದ್ದು, 9ನೇ ಕ್ಲಾಸಿಂದ ಕೆಲವು ವರ್ಗದ ಗಂಡ್ಮಕ್ಳಿಗೆ ಮಾತ್ರ ತಿಂಗ್ಳಿಗೆ 600 ರೂಪಾಯಿ ಥರ ವಿಕಾಸ ನಿಧಿ ಅಂತ ಕಟ್ಟೋದಿದೆ, ಸರ್ಕಾರಿ ನೌಕರರ ಮಕ್ಳಿಗೆ ಇನ್ನೂ ಜಾಸ್ತಿ. ಸಿಬಿಎಸ್‌ಇ ಸಿಲಬಸ್ಸು. 9ನೇ ಕ್ಲಾಸಲ್ಲಿ ಕೆಲವು ಮಕ್ಳನ್ನ ಒಂದು ವರ್ಷ ಹಿಂದಿ ಸೀಮೆ ನವೋದಯಕ್ಕೆ ಕಳಿಸ್ತಾರೆ, ಅಲ್ಲಿಂದ ಇಲ್ಲಿಗೂ ಬರ್ತಾರೆ. ಮಗು ಹನ್ನೊಂದು ವರ್ಷಕ್ಕೆ ಮನೆ ಬಿಡ್ಬೇಕು, ಅದೂ ಮಳೆಗಾಲದಲ್ಲಿ, ಮೊದ್ಲ ಎರಡು ತಿಂಗ್ಳು ಅಳು ಇರುತ್ತೆ. ನನ್ ಅಭಿಪ್ರಾಯ: ಮನೇಲಿ ಓದೋ ವಾತಾವರಣ ಇದ್ದು ಹತ್ರದಲ್ಲಿ ಒಳ್ಳೆ ಹೈಸ್ಕೂಲಿದ್ರೆ ಮಗುವನ್ನ ಕೇಳಿ ನಿರ್ಧಾರ ಮಾಡಿ, ಒಂಟಿ ಮನೆ, ಬಸ್ಸಿಲ್ಲ, ಕುಡಿತದ ಗಲಾಟೆ ಇಂಥದ್ದಿದ್ರೆ ಕಣ್ಮುಚ್ಚಿ ಕಳಿಸಿ. ತನ್ನಂಥವ್ರೇ ಎಂಬತ್ತು ಜನ ಸಿಗ್ತಾರೆ, ಅದಕ್ಕೆ ಬೆಲೆ ಕಟ್ಟಕ್ಕಾಗಲ್ಲ, ಊರಲ್ಲಿ "ಪುಸ್ತಕದ ಹುಳ" ಅಂತ ಆಡ್ಕೊಳ್ಳಿಸ್ಕೊಂಡೋನಿಗೆ ಅಲ್ಲಿ ಚೆಸ್ ಆಡೋಕೆ ಜನ ಸಿಗುತ್ತೆ.

ಅದೇ ಐದನೇ ಕ್ಲಾಸಲ್ಲೇ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಈ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯೂ ಇರುತ್ತೆ, ಜಾತಿ ಆದಾಯ ಸರ್ಟಿಫಿಕೇಟ್ ಬೇಕು. ನವೋದಯಕ್ಕೆ ಓದಿದ್ದು ಇದಕ್ಕೂ ಬಹಳಷ್ಟು ಆಗುತ್ತೆ, ಎರಡೂ ಬರೆಸಿ. ಮಿಲಿಟರಿ ಕಡೆ ಆಸೆ ಇದ್ರೆ ಸೈನಿಕ ಶಾಲೆ, ಕೊಡಗಿನ ಕೂಡಿಗೇಲಿದೆ, ಅದ್ರ ಪರೀಕ್ಷೆ ಬೇರೆ.

6, 7ನೇ ಕ್ಲಾಸಲ್ಲಿ ದೊಡ್ಡ ಪರೀಕ್ಷೆ ಇಲ್ಲ, ಅದೇ ಒಳ್ಳೇದು, ಇದು ಓದೋ ಮತ್ತೆ ಕೈಯಲ್ಲಿ ಮಾಡೋ ವಯಸ್ಸು. ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರ ಸರ್ಕಾರದ ಒಂದು ಯೋಜನೆ ಇದೆ, 6ನೇ ಕ್ಲಾಸಿಂದ ಮೇಲಿನ ಮಕ್ಳ ಐಡಿಯಾಗಳನ್ನ ಶಾಲೇನೇ ಆನ್‌ಲೈನಲ್ಲಿ ಹಾಕ್ಬೇಕು, ಒಂದು ಶಾಲೆಯಿಂದ ಐದು, ಆಯ್ಕೆ ಆದ್ರೆ ಮಾಡೆಲ್ ಮಾಡೋಕೆ ಮಗು ಖಾತೆಗೇ 10,000 ರೂಪಾಯಿ ಬರುತ್ತೆ. ಯೂಟ್ಯೂಬ್ ನೋಡಿ ಜ್ವಾಲಾಮುಖಿ, ಕಸ ಹೆಕ್ಕೋ ರೋಬೋಟ್ ಕಳಿಸ್ಬೇಡಿ, ದೇಶದ ತುಂಬ ಅದೇ ಬಂದಿರುತ್ತೆ. ನಮ್ ತೋಟದ ಕಷ್ಟ ಬರೆಸಿ: ಅಡಿಕೆ ಸುಲಿಯೋ ಅಜ್ಜಿ ಬೆರಳು ಕೊಯ್ಕೊಳ್ಳೋದು, ಶಾಲೆಗೆ ನಡೆಯೋ ದಾರೀಲಿ ಇಂಬಳ ಹತ್ತದ ಹಾಗೆ ಕಾಲಿಗೆ ಏನ್ ಹಾಕ್ಬೋದು, ಬಾಳೆಗೊನೆಗೆ ಮಂಗ ಬರದ ಹಾಗೆ ಏನ್ ಮಾಡ್ಬೋದು. ಇಂಥದ್ದು ಬೆಂಗ್ಳೂರು ಮಗುಗೆ ಹೊಳೆಯೋದೇ ಇಲ್ಲ. ಜೊತೆಗೆ ಮಕ್ಕಳ ವಿಜ್ಞಾನ ಸಮಾವೇಶ, 10ರಿಂದ 17 ವರ್ಷದವ್ರಿಗೆ, ಇಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವ್ರು ನೋಡ್ಕೊಳ್ತಾರೆ, ಇಬ್ರು ಸೇರಿ ಊರಿನದ್ದೇ ಒಂದು ವಿಷ್ಯದ ಮೇಲೆ ಕೆಲ್ಸ ಮಾಡಿ ವರದಿ ಬರೀಬೇಕು. ಅದೇ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಶಾಲೆಗೆ ಬರುತ್ತಾ ಕೇಳಿ.

ಪುಸ್ತಕಕ್ಕೆ ಪಂಚಾಯ್ತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿದಾರೆ, ಮಕ್ಳಿಗೆ ಮೆಂಬರ್‌ಶಿಪ್ ಫ್ರೀ, ಕೆಲವು ಕಡೆ ಚೆನ್ನಾಗಿದೆ ಕೆಲವು ಕಡೆ ಬೀಗ. ಬೀಗ ಇರೋ ಕಡೆ ಗ್ರಾಮಸಭೇಲಿ ಎದ್ದು ನಿಂತು ಕೇಳಿ. ಫೋನಲ್ಲಿ ಖಾನ್ ಅಕಾಡೆಮಿ ಕನ್ನಡದಲ್ಲಿದೆ, ಸ್ಟೋರಿವೀವರಲ್ಲಿ ಕನ್ನಡ ಕಥೆಗಳು ಬಿಟ್ಟಿ, ನೆಟ್‌ವರ್ಕ್ ಇರೋ ಗುಡ್ಡದ ಮೇಲೆ ಹೋಗಿ ಡೌನ್‌ಲೋಡ್ ಮಾಡ್ಕೊಂಡು ಬನ್ನಿ.

8ನೇ ಕ್ಲಾಸಿಗೆ ಎನ್‌ಎಂಎಂಎಸ್, ಇದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆ ಮಕ್ಳಿಗೆ, ಅಪ್ಪ ಅಮ್ಮನ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರ್ಬೇಕು, 7ನೇ ಕ್ಲಾಸಲ್ಲಿ 55 ಪರ್ಸೆಂಟ್, ಎಸ್‌ಸಿ ಎಸ್‌ಟಿ ಮಕ್ಳಿಗೆ 50. ಪಾಸಾಗಿ ಲಿಸ್ಟಲ್ಲಿ ಬಂದ್ರೆ 9ರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಎರಡು ಪೇಪರು, ತಲಾ 90 ಪ್ರಶ್ನೆ 90 ನಿಮಿಷ, ಒಂದು ಬುದ್ಧಿಶಕ್ತಿದು, ಇನ್ನೊಂದು ಪಾಠದ್ದು. ಇಲ್ಲೊಂದು ತಿರುವಿದೆ ನೋಡಿ: ನವೋದಯ, ಸೈನಿಕ ಶಾಲೆ, ಊಟ ವಸತಿ ಕೊಡೋ ಸರ್ಕಾರಿ ವಸತಿ ಶಾಲೆ ಮಕ್ಳಿಗೆ ಇದು ಬರಲ್ಲ, ಪ್ರೈವೇಟ್ ಶಾಲೆಯವ್ರಿಗೂ ಇಲ್ಲ. ಅಂದ್ರೆ ಊರಿನ ಸರ್ಕಾರಿ ಹೈಸ್ಕೂಲಲ್ಲಿ ಉಳ್ಕೊಂಡ ಚುರುಕು ಮಗುಗೇ ಅಂತ ಇರೋದು ಇದು, ಐದನೇ ಕ್ಲಾಸಲ್ಲಿ ನವೋದಯ ತಪ್ಪಿತು ಅಂತ ಕೊರಗ್ತಾ ಇರೋರು ಈ ಕಡೆ ನೋಡಿ. ಆಯ್ಕೆ ಆದ್ಮೇಲೂ ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ನವೀಕರಿಸ್ಬೇಕು, ಶಾಲೆಯವ್ರು ಅದನ್ನ ಓಕೆ ಮಾಡ್ಬೇಕು, ಬ್ಯಾಂಕ್ ಖಾತೆ ಮಗು ಹೆಸ್ರಲ್ಲಿ ಆಧಾರ್ ಲಿಂಕ್ ಆಗಿರ್ಬೇಕು, ಆಧಾರಲ್ಲಿ ಇನಿಶಿಯಲ್ ಒಂದು, ಶಾಲೆ ದಾಖಲೇಲಿ ಇನ್ನೊಂದು ಇದ್ರೆ ದುಡ್ಡು ಅಲ್ಲೇ ನಿಂತ್ಬಿಡುತ್ತೆ. ಪರೀಕ್ಷೆ ಪಾಸಾಗಿ ಇನಿಶಿಯಲ್ಲಿಗೆ ದುಡ್ಡು ಕಳ್ಕೊಂಡೋರು ನಮ್ ತಾಲೂಕಲ್ಲೇ ಇದಾರೆ.

ಗಣಿತದ ಹುಚ್ಚಿರೋರಿಗೆ ಅಸಲಿ ಒಲಿಂಪಿಯಾಡು ಶುರುವಾಗೋದೂ 8ರಿಂದಲೇ. ಮೊದಲ ಹಂತ ಐಒಕ್ಯೂಎಂ, ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ, ಮೂರು ಗಂಟೆಗೆ 30 ಪ್ರಶ್ನೆ, ಉತ್ರ ಎಲ್ಲಾ ಎರಡಂಕಿ ಒಳಗಿನ ಸಂಖ್ಯೆ. ಆಮೇಲೆ ಪ್ರಾದೇಶಿಕ ಹಂತದ ಆರ್‌ಎಂಒ, ರಾಷ್ಟ್ರ ಹಂತದ ಐಎನ್‌ಎಂಒ, ಮುಂದೆ ಮುಂಬೈನ ಹೋಮಿ ಭಾಭಾ ಕೇಂದ್ರದ ಕ್ಯಾಂಪು. ವಿಜ್ಞಾನಕ್ಕೆ ನವೆಂಬರಲ್ಲಿ ಬೇರೆ ಪರೀಕ್ಷೆಗಳಿವೆ, ಭೌತಶಾಸ್ತ್ರ ಶಿಕ್ಷಕರ ಸಂಘ ನಡೆಸೋದು, ಅದ್ರಲ್ಲಿ ಹತ್ತನೇ ಕ್ಲಾಸಿನ ಒಳಗಿನವ್ರಿಗೆ ಜೂನಿಯರ್ ಸೈನ್ಸ್ ಅಂತ ಒಂದು. ನೇರವಾಗಿ ಹೇಳ್ತೀನಿ, ಕನ್ನಡ ಮೀಡಿಯಂ ಮಗುಗೆ ಇದು ಕಷ್ಟ, ಪ್ರಶ್ನೆ ಇಂಗ್ಲಿಷಲ್ಲಿ, ಲೆಕ್ಕ ಕಷ್ಟ ಅಲ್ಲ ವಾಕ್ಯ ಕಷ್ಟ. ಹಳೇ ಪೇಪರು ಹೋಮಿ ಭಾಭಾ ಕೇಂದ್ರದ ವೆಬ್‌ಸೈಟಲ್ಲಿ ಬಿಟ್ಟಿ ಸಿಗುತ್ತೆ, ವಾರಕ್ಕೊಂದು ಪ್ರಶ್ನೆ ಪ್ರಿಂಟ್ ತೆಗ್ದು, ಇಂಗ್ಲಿಷ್ ಗೊತ್ತಿರೋ ಅಕ್ಕನೋ ಭಾವನೋ ಓದಿ ಹೇಳಿ, ಮಗು ಕನ್ನಡದಲ್ಲೇ ಯೋಚ್ನೆ ಮಾಡ್ಲಿ. ಒಂದು ಪ್ರಶ್ನೆಗೆ ಮೂರು ದಿನ ತಗೊಂಡ್ರೂ ಪರವಾಗಿಲ್ಲ, ಅದೇ ಇದ್ರ ಮಜಾ. ಆಯ್ಕೆ ಆಗದೇ ಇದ್ರೂ ಇಷ್ಟಕ್ಕೇ ಲಾಭ ಇದೆ.

9ನೇ ಕ್ಲಾಸಿಗೆ ಇಸ್ರೋದ ಯುವಿಕಾ ಶಿಬಿರ, 2019ರಲ್ಲಿ ಶುರುವಾಗಿದ್ದು, ಬೇಸಿಗೆ ರಜೇಲಿ ಸುಮಾರು ಎರಡು ವಾರ ಇಸ್ರೋ ಕೇಂದ್ರದಲ್ಲೇ ಇರ್ಸಿಕೊಳ್ತಾರೆ, ಖರ್ಚೆಲ್ಲ ಅವ್ರದ್ದೇ. 8ನೇ ಕ್ಲಾಸಿನ ಮಾರ್ಕ್ಸು, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಸ್ಕೌಟ್ ಎನ್‌ಸಿಸಿ ಇವೆಲ್ಲ ಸೇರಿಸಿ ಆರಿಸ್ತಾರೆ, ಪಂಚಾಯ್ತಿ ವ್ಯಾಪ್ತಿ ಶಾಲೆ ಮಕ್ಳಿಗೆ ಹೆಚ್ಚುವರಿ ವೇಟೇಜ್ ಇದೆ. ಹಾಗಾಗಿ 8ರಲ್ಲಿ ವಿಜ್ಞಾನ ಮೇಳಕ್ಕೆ ಹೋಗಿದ್ದ ಸರ್ಟಿಫಿಕೇಟು ಎಲ್ಲೋ ಅಟ್ಟದ ಮೇಲೆ ಹಾಕ್ಬೇಡಿ.

ಎನ್‌ಟಿಎಸ್‌ಇ, ಕೆವಿಪಿವೈ ಅನ್ನೋ ಹಳೇ ಸ್ಕಾಲರ್‌ಶಿಪ್ ಪರೀಕ್ಷೆಗಳ ಬಗ್ಗೆ ಇನ್ನೂ ಕೇಳ್ತಾರೆ. ಎನ್‌ಟಿಎಸ್‌ಇ 2021ರಿಂದ ನಿಂತಿದೆ, ಕೆವಿಪಿವೈ 2022ರಲ್ಲಿ ನಿಲ್ಲಿಸಿದ್ರು. ಅದ್ರ ಹೆಸ್ರಲ್ಲಿ ಫೀಸು ಕೇಳೋರು ಯಾರಾದ್ರೂ ಇದ್ರೆ ನೋಟಿಫಿಕೇಶನ್ ತೋರ್ಸಿ ಅನ್ನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ದುಡ್ಡಿನ ತೊಂದ್ರೆ ಇರೋರಿಗೆ ವಿದ್ಯಾಧನ್ ಸ್ಕಾಲರ್‌ಶಿಪ್ ಇದೆ, 90 ಪರ್ಸೆಂಟ್, ಆದಾಯ 2 ಲಕ್ಷದ ಒಳಗೆ. ಪಿಯುಸಿ ಆಗಿ ಬಿಎಸ್ಸಿ ಕಡೆ ಹೋಗೋರಿಗೆ ಬೋರ್ಡಲ್ಲಿ ಮೇಲಿನ 1 ಪರ್ಸೆಂಟಲ್ಲಿದ್ರೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ಪಿಂದ ವರ್ಷಕ್ಕೆ 80,000, ಎಲ್ರೂ ನೀಟು ಸಿಇಟಿ ಅಂತ ಓಡ್ತಾರೆ, ಇದನ್ನ ನೋಡೋರೇ ಕಮ್ಮಿ.

ಕಾಡು ಹಕ್ಕಿ ಕಪ್ಪೆ ಹಿಂದೆ ಬಿದ್ದಿರೋ ಮಗು ಇದ್ರೆ ನೀವು ಅದೃಷ್ಟವಂತ್ರು, ಅದಕ್ಕೆ ಬೇಕಾದ ಲ್ಯಾಬು ಮನೆ ಹಿಂದೇನೇ ಇದೆ. ನೋಡಿದ ಹಕ್ಕಿ ಇ-ಬರ್ಡಲ್ಲಿ ಹಾಕ್ಸಿ, ಕಪ್ಪೆ, ಹುಳ, ಗಿಡದ ಫೋಟೋ ಐನ್ಯಾಚುರಲಿಸ್ಟಲ್ಲಿ, ಅಲ್ಲಿ ನಿಜವಾದ ತಜ್ಞರು ಬಂದು "ಇದು ಅದಲ್ಲ, ಕಾಲಿನ ಗೆರೆ ನೋಡು" ಅಂತ ತಿದ್ತಾರೆ. ಸೀಸನ್‌ವಾಚ್ ಅಂತ ಇದೆ, ಮನೆ ಹತ್ರದ ಒಂದು ಮಾವೋ ಹಲಸೋ ಹಿಡ್ಕೊಂಡು ವಾರ ವಾರ ಚಿಗುರು, ಹೂವು, ಕಾಯಿ ಬರ್ದಿಡೋದು. ಮಂಡಗದ್ದೆ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ, ಸೊರಬದ ಗುಡವಿ ಪಕ್ಷಿಧಾಮಕ್ಕೆ ಒಂದ್ಸಲ ಕರ್ಕೊಂಡು ಹೋಗಿ. ಆಗುಂಬೇಲಿ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ಕಾಳಿಂಗದ ಮೇಲೆ ಕೆಲ್ಸ ಮಾಡೋ ಜನ ಅಲ್ಲೇ ಇದಾರೆ, ಮೊದ್ಲೇ ಬರ್ದು ಕೇಳ್ಕೊಂಡು ಹೋಗಿ, ಸುಮ್ನೆ ನುಗ್ಬೇಡಿ.

ಹಾಡು, ನಾಟ್ಕದ ಮಕ್ಳಿಗೆ ಪ್ರತಿಭಾ ಕಾರಂಜಿ ಇದ್ದೇ ಇದೆ, ಅದ್ರಲ್ಲಿ ಜಡ್ಜ್‌ಮೆಂಟು ಏನೇನೋ ಇರುತ್ತೆ, ಹೆಚ್ಚು ತಲೆ ಕೆಡಿಸ್ಕೋಬೇಡಿ. ಅದಕ್ಕಿಂತ ಸಿಸಿಆರ್‌ಟಿ ಅನ್ನೋ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯ ಸ್ಕಾಲರ್‌ಶಿಪ್ ನೋಡಿ, 10ರಿಂದ 14 ವರ್ಷದವ್ರಿಗೆ, ಸಂಗೀತ, ನೃತ್ಯ, ಸಾಂಪ್ರದಾಯಿಕ ರಂಗಕಲೆಗೆ, ವರ್ಷಕ್ಕೆ 3,600 ಮತ್ತೆ ಗುರುಗಳ ಫೀಸು 9,000ದವರೆಗೆ. ಗಮಕ, ಅಂದ್ರೆ ಕಾವ್ಯ ಹಾಡಿ ಓದೋ ಕಲೆ, ಕಲೀಬೇಕಾದ್ರೆ ಹೊಸಹಳ್ಳಿ ಶಿವಮೊಗ್ಗದ ಪಕ್ಕದಲ್ಲೇ ಇದೆ, ನಾಟಕಕ್ಕೆ ಹೆಗ್ಗೋಡಿನ ನೀನಾಸಂ. ಇಂಥ ಜಾಗ ಬೇರೆ ಜಿಲ್ಲೆಯವ್ರಿಗೆ ಕನಸು.

ಇಷ್ಟೆಲ್ಲ ಹೇಳಿದ್ರೂ ನಾನು ನೋಡಿದ ಮಟ್ಟಿಗೆ ಮಗು ಬೆಳೆಯೋದು ಒಬ್ರೇ ಒಬ್ರು ಸರಿಯಾದ ದೊಡ್ಡೋರು ಸಿಕ್ಕಿದ್ರೆ. ರಿಟೈರ್ಡ್ ಗಣಿತ ಮೇಷ್ಟ್ರೋ, ಕುವೆಂಪು ವಿವಿಲಿ ಎಂಎಸ್ಸಿ ಮಾಡ್ತಿರೋ ಪಕ್ಕದ್ಮನೆ ಅಕ್ಕನೋ, ರೇಡಿಯೋ ರಿಪೇರಿ ಅಣ್ಣನೋ, ವಾರಕ್ಕೊಂದು ಗಂಟೆ ಮಗು ಪ್ರಶ್ನೆಗೆ ಬೇಜಾರಿಲ್ದೆ ಕೂರೋರು ಸಾಕು. ಟ್ಯೂಷನ್ ಅಂತ ಕೇಳ್ಬೇಡಿ, "ಇವ್ಳಿಗೆ ನಿಮ್ ಹತ್ರ ಮಾತಾಡ್ಬೇಕಂತೆ" ಅಂತ ಕರ್ಕೊಂಡ್ ಹೋಗಿ, ಜೊತೆಗೆ ಒಂದು ಬಾಳೆಗೊನೆ ತಗೊಂಡು ಹೋಗಿ. ನಿಮಗೆ ಇದ್ರ ಬಗ್ಗೆ ಇನ್ನೂ ಆಳವಾಗಿ ತಿಳ್ಕೋಬೇಕು ಅಂದ್ರೆ ಬೆಂಗ್ಳೂರಿನ ಐಐಎಸ್‌ಸಿ ಆವರಣದಲ್ಲಿರೋ ನಿಯಾಸ್ ಸಂಸ್ಥೆಯವ್ರು ಪ್ರತಿಭಾವಂತ ಮಕ್ಳ ಶಿಕ್ಷಣದ ಮೇಲೇ ಕೆಲ್ಸ ಮಾಡಿದಾರೆ, ಅವ್ರ ಬರಹ ಹುಡುಕಿ ಓದಿ.

ಕೊನೇದಾಗಿ ಕಾಗದ ಪತ್ರ. ನವೋದಯ, ಇನ್‌ಸ್ಪೈರ್, ಎನ್‌ಎಂಎಂಎಸ್, ಇವುಗಳ ಅರ್ಜಿ ಹೆಚ್ಚು ಕಮ್ಮಿ ನಮ್ ಜಡಿಮಳೆ ಟೈಮಿಗೇ ಅಥವಾ ಅದ್ರ ಬಾಲಕ್ಕೇ ಬರೋದು, ಕರೆಂಟಿರಲ್ಲ, ಟವರ್ ಇರಲ್ಲ, ಶಾಲೆಗೆ ರಜೆ ಘೋಷಣೆ. ಜಾತಿ ಆದಾಯ ಸರ್ಟಿಫಿಕೇಟು ಮೇ ತಿಂಗ್ಳಲ್ಲೇ ನಾಡಕಚೇರೀಲಿ ಮಾಡ್ಸಿಟ್ಕೊಳ್ಳಿ, ಆಧಾರಲ್ಲಿ ಹೆಸ್ರು ಹುಟ್ಟಿದ ತಾರೀಖು ಶಾಲೆ ದಾಖಲೆ ಜೊತೆ ತಾಳೆ ನೋಡಿ, ಫೋಟೋ ಮತ್ತೆ ಸಹಿ ಸ್ಕ್ಯಾನ್ ಮಾಡ್ಸಿ ಫೋನಲ್ಲಿಟ್ಕೊಳ್ಳಿ, ಅರ್ಜಿ ಬಿಟ್ಟ ಮೊದ್ಲ ವಾರದಲ್ಲೇ ಗ್ರಾಮ ಒನ್ ಸೆಂಟರಿಗೋ ಸೈಬರಿಗೋ ಹೋಗಿ ಮುಗಿಸಿ, ಕೊನೇ ದಿನ ಸರ್ವರ್ರು ಎದ್ದೇಳಲ್ಲ. ಸೈಬರಿನವ್ರು ತಮ್ ನಂಬರ್ ಹಾಕೋಕೆ ನೋಡ್ತಾರೆ, ಬಿಡ್ಬೇಡಿ, ನಿಮ್ದೇ ಹಾಕ್ಸಿ, ಹಾಲ್‌ಟಿಕೆಟ್ಟು ರಿಸಲ್ಟು ಎಲ್ಲಾ ಆ ನಂಬರಿಗೇ ಬರೋದು, ಮತ್ತೆ ಅರ್ಜಿ ಸಂಖ್ಯೆ ಇರೋ ಹಾಳೆ ಎರಡು ಪ್ರಿಂಟ್ ತೆಗ್ಸಿ, ಒಂದು ಮನೇಲಿ, ಒಂದು ಕ್ಲಾಸ್ ಟೀಚರ್ ಹತ್ರ.